ಗುಡೇಕೋಟೆಯೆಂಬ ಹೆಸರೂ ಗಣಕಯಂತ್ರದ ಮೂಲಪಾಠವೂ

ವಿಜಯನಗರ ಜಿಲ್ಲೆಯ ಕೂಡ್ಲಿಗಿ ತಾಲ್ಲೂಕಿಗೆ ಸೇರಿದ ಗುಡೇಕೋಟೆಯು ಪಾಳೆಯಗಾರರ ಕಾಲದ ಬೆಟ್ಟದ ಕೋಟೆಯಿಂದಲೂ ಈಚೆಗೆ ಕರಡಿಧಾಮದಿಂದಲೂ ಹೆಸರಾದ ಗ್ರಾಮ. ಈ ಹೆಸರನ್ನು ಬರೆಯುವವರಿಗೆ ಅದು ನಾಲ್ಕೇ ಅಕ್ಷರ: ಗು, ಡೇ, ಕೋ, ಟೆ. ಅದನ್ನೇ ರೋಮನ್ ಲಿಪಿಯಲ್ಲಿ ಬರೆದರೆ ಡಕಾರ ದಕಾರಗಳ ಭೇದವೂ ಹ್ರಸ್ವದೀರ್ಘಗಳ ಭೇದವೂ ಅಳಿಸಿಹೋಗುವುವೆಂಬುದು ಇಂಗ್ಲಿಷ್ ನಕ್ಷೆಗಳನ್ನು ನೋಡಿದವರಿಗೆಲ್ಲ ತಿಳಿದ ಸಂಗತಿ. ಗಣಕಯಂತ್ರದೊಳಗೆ ಈ ಹೆಸರು ಅಕ್ಷರವಾಗಿಯೇ ಇರುವುದಿಲ್ಲ. ಅಂಕಿಗಳ ಸಾಲಾಗಿ ಇರುವುದು. ಯೂನಿಕೋಡ್ ಎಂಬ ಜಾಗತಿಕ ಸಂಕೇತಪಟ್ಟಿಯಲ್ಲಿ ಕನ್ನಡಕ್ಕೆ ೩೨೦೦ರಿಂದ ೩೩೨೭ರ ವರೆಗೆ ೧೨೮ ಮನೆಗಳು ಮೀಸಲಾಗಿವೆ. ಆ ಪಟ್ಟಿಯ ಪ್ರಕಾರ ಗುಡೇಕೋಟೆಯೆಂದರೆ ೩೨೨೩, ೩೨೬೫, ೩೨೩೩, ೩೨೭೧, ೩೨೨೧, ೩೨೭೫, ೩೨೩೧, ೩೨೭೦ ಎಂಬ ಎಂಟು ಅಂಕಿಗಳು. ಗಕಾರಕ್ಕೊಂದು, ಅದರ ಕೊಂಬಿಗೊಂದು, ಡಕಾರಕ್ಕೊಂದು, ಅದರ ಏತ್ವಕ್ಕೊಂದು, ಹೀಗೆ.

ಇಷ್ಟಕ್ಕೇ ಮುಗಿದಿದ್ದರೆ ವಿದ್ವಾಂಸರು ಇದರ ಗೊಡವೆಗೆ ಹೋಗಬೇಕಾಗಿರಲಿಲ್ಲ. ಆದರೆ ಅದೇ ಹೆಸರನ್ನು ಹನ್ನೊಂದು ಅಂಕಿಗಳಿಂದಲೂ ಬರೆಯಬಹುದು. ಏತ್ವವನ್ನು ಎತ್ವ ಮತ್ತು ದೀರ್ಘಚಿಹ್ನೆ ಎಂದು ಎರಡಾಗಿಯೂ, ಓತ್ವವನ್ನು ಎತ್ವ, ಊಕಾರದ ಕೊಂಬು, ದೀರ್ಘಚಿಹ್ನೆ ಎಂದು ಮೂರಾಗಿಯೂ ಒಡೆದು ಬರೆಯುವುದಕ್ಕೆ ಆ ಪಟ್ಟಿಯಲ್ಲೇ ಅವಕಾಶವುಂಟು. ತೆರೆಯ ಮೇಲೆ ಎರಡೂ ಒಂದೇ ರೂಪ. ಕಣ್ಣಿಗೆ ಎಳ್ಳಷ್ಟೂ ವ್ಯತ್ಯಾಸ ತೋರದು. ಆದರೆ ಒಂದನ್ನು ಕೊಟ್ಟು ಹುಡುಕಿದರೆ, ಯಂತ್ರಕ್ಕೆ ಎರಡರ ಸಮಾನತೆಯನ್ನು ಯಾರಾದರೂ ಮುಂಚಿತವಾಗಿ ತಿಳಿಸಿರದ ಪಕ್ಷದಲ್ಲಿ, ಇನ್ನೊಂದು ಸಿಕ್ಕುವುದಿಲ್ಲ. ಹಳೆಯ ಕಡತಗಳನ್ನು ಹೊಸ ಸಂಕೇತಕ್ಕೆ ಅಜಾಗರೂಕತೆಯಿಂದ ಪರಿವರ್ತಿಸಿದಾಗ ಇಂಥ ಒಡೆದ ರೂಪಗಳು ಹೇರಳವಾಗಿ ಉಳಿದುಕೊಳ್ಳುವುವು. ಒಂದು ಗ್ರಾಮದ ಶಾಸನಗಳ ಪಟ್ಟಿಯನ್ನು ಮಾಡಲು ಹೊರಟವನು ಹತ್ತು ಶಾಸನಗಳಿರುವ ಕಡೆ ಆರನ್ನೇ ಕಂಡು, ಉಳಿದ ನಾಲ್ಕು ಇಲ್ಲವೆಂದೇ ನಿರ್ಣಯಿಸಬಹುದು. ಗ್ರಂಥಸಂಪಾದನೆಯಲ್ಲಿ ಪಾಠಾಂತರವೆಂದರೆ ಕಣ್ಣಿಗೆ ಕಾಣುವ ಭೇದ. ಇದು ಕಣ್ಣಿಗೆ ಕಾಣದ ಪಾಠಾಂತರ.

ಈ ಭೇದವನ್ನು ಕಂಡುಹಿಡಿದು ಸರಿಪಡಿಸುವ ಅಧಿಕಾರ ಯಾರಿಗಿದೆಯೆಂಬ ಪ್ರಶ್ನೆಯು ಇಲ್ಲಿಂದ ಹುಟ್ಟುವುದು. ಆ ಅಧಿಕಾರವು ಬಹುಮಟ್ಟಿಗೆ ಯಂತ್ರದ ತಳದಲ್ಲಿರುವ ಕಾರ್ಯಾಚರಣೆ ವ್ಯವಸ್ಥೆಯನ್ನೂ ಅದರೊಡನೆ ಬರುವ ಅಕ್ಷರಸಾಧನಗಳನ್ನೂ ಬರೆದವರ ಕೈಯಲ್ಲಿರುವುದು. ಅವುಗಳ ಬರೆಹವು ಮುಚ್ಚಿದ್ದರೆ ಆ ಅಧಿಕಾರವೂ ಮುಚ್ಚಿರುವುದು. ತೆರೆದಿದ್ದರೆ ಕನ್ನಡವನ್ನು ಬಲ್ಲವರೂ ಅದರಲ್ಲಿ ಪಾಲುಗಾರರಾಗಬಹುದು. ಮುಕ್ತ ವ್ಯವಸ್ಥೆಗಳ ಸ್ವರೂಪವೇನು, ಕನ್ನಡಕ್ಕೆ ಅವುಗಳಿಂದ ಆದುದೇನು, ಅವನ್ನು ಯಂತ್ರದಲ್ಲಿ ಸ್ಥಾಪಿಸುವ ಕ್ರಮ ಯಾವುದು ಎಂಬುದು ಪ್ರಕೃತ ವಿಚಾರ.

ಕಾರ್ಯಾಚರಣೆ ವ್ಯವಸ್ಥೆಯೆಂಬುದನ್ನು ಹಿಂದಿನ ಅಚ್ಚುಕೂಟದ ಮೇಸ್ತ್ರಿಗೆ ಹೋಲಿಸಬಹುದು. ಗ್ರಂಥಕರ್ತನು ಹಸ್ತಪ್ರತಿಯನ್ನು ಒಪ್ಪಿಸಿ ಹೋಗುವನು. ಯಾವ ಪೆಟ್ಟಿಗೆಯಿಂದ ಮೊಳೆಗಳನ್ನು ತೆಗೆಯಬೇಕು, ಯಾವ ಯಂತ್ರವು ಯಾವಾಗ ಯಾರಿಗೆ ಬಿಡುವಾಗುವುದು, ಕಾಗದವನ್ನು ಎಲ್ಲಿ ಇಟ್ಟಿದೆ ಎಂಬುದನ್ನೆಲ್ಲ ಮೇಸ್ತ್ರಿಯೇ ನೋಡಿಕೊಳ್ಳುವನು. ಗಣಕಯಂತ್ರದಲ್ಲಿಯೂ ಹಾಗೆಯೇ. ಪತ್ರ ಬರೆಯುವ, ಲೆಕ್ಕ ಹಾಕುವ, ಚಿತ್ರ ತೋರಿಸುವ ತಂತ್ರಾಂಶಗಳು ನೇರವಾಗಿ ಯಂತ್ರವನ್ನು ಮುಟ್ಟುವುದಿಲ್ಲ. ಸಂಸ್ಕಾರಕದ ಕಾಲವನ್ನೂ ಸ್ಮೃತಿಯ ಸ್ಥಳವನ್ನೂ ಅವುಗಳಿಗೆ ಹಂಚಿಕೊಡುವುದು, ಕಡತಗಳನ್ನು ಉಗ್ರಾಣದಲ್ಲಿ ಕ್ರಮವಾಗಿರಿಸುವುದು, ಕೀಲಿಮಣೆ, ತೆರೆ, ಮುದ್ರಕಗಳೊಡನೆ ಮಾತನಾಡುವುದು ಇವೆಲ್ಲ ವ್ಯವಸ್ಥೆಯ ಕೆಲಸ. ಅದರ ಒಳತಿರುಳಿಗೆ ಕರ್ನೆಲ್ ಎಂದು ಹೆಸರು. ವಿಂಡೋಸ್, ಮ್ಯಾಕ್ಓಎಸ್ ಎಂಬುವು ಕಂಪೆನಿಗಳ ಒಡೆತನದ ವ್ಯವಸ್ಥೆಗಳು. ಡೆಬಿಯನ್, ಉಬುಂಟು, ಫೆಡೋರಾ ಮೊದಲಾದುವು ಲಿನಕ್ಸ್ ಎಂಬ ಕರ್ನೆಲ್ಲಿನ ಮೇಲೆ ಕಟ್ಟಿದ ಮುಕ್ತ ವ್ಯವಸ್ಥೆಗಳು. ಜೇಬಿನಲ್ಲಿರುವ ಆಂಡ್ರಾಯ್ಡ್ ದೂರವಾಣಿಯ ತಳದಲ್ಲಿಯೂ ಇದೇ ಲಿನಕ್ಸ್ ಇರುವುದರಿಂದ, ಲಿನಕ್ಸನ್ನು ತಾವು ಕಂಡೇ ಇಲ್ಲವೆನ್ನುವ ಅಧ್ಯಾಪಕರಲ್ಲಿ ಅನೇಕರು ಅದನ್ನು ಹಗಲಿರುಳೂ ಬಳಸುತ್ತಿರುವರು.

ಮುಕ್ತವೆಂಬ ಮಾತಿನ ಅರ್ಥವನ್ನು ತಿಳಿಯಬೇಕಾದರೆ ತಂತ್ರಾಂಶಕ್ಕೆ ಎರಡು ರೂಪಗಳುಂಟೆಂಬುದನ್ನು ಮೊದಲು ಗ್ರಹಿಸಬೇಕು. ರಚಿಸುವವನು ಅದನ್ನು ಮನುಷ್ಯರು ಓದಬಲ್ಲ ಒಂದು ಕೃತಕಭಾಷೆಯಲ್ಲಿ ಬರೆಯುವನು. ಇದನ್ನು ಮೂಲಪಾಠವೆನ್ನೋಣ, ಬಳಕೆಯಲ್ಲಿ ಇದಕ್ಕೆ ಸೋರ್ಸ್ ಕೋಡ್ ಎನ್ನುವರು. ಆ ಪಾಠವನ್ನು ಯಂತ್ರವು ನಡಸಬಲ್ಲ ಅಂಕಿಗಳ ರಾಶಿಯಾಗಿ ಪರಿವರ್ತಿಸಿದ ಬಳಿಕ ಅದು ಎರಡನೆಯ ರೂಪವನ್ನು ತಾಳುವುದು. ಸಿರಿಭೂವಲಯದ ಅಂಕಚಕ್ರಗಳನ್ನು ನೋಡಿದವರಿಗೆ ಈ ಎರಡನೆಯ ರೂಪದ ಕಲ್ಪನೆ ಬಂದೀತು. ಓದುವ ಬಂಧವನ್ನು ತಿಳಿಯದವನಿಗೆ ಅಲ್ಲಿರುವುದು ಬರಿಯ ಅಂಕಿಗಳೇ. ಮುಚ್ಚಿದ ವ್ಯವಸ್ಥೆಯನ್ನು ಕೊಂಡವನಿಗೆ ಅಂಕಿಗಳ ರಾಶಿ ಮಾತ್ರ ದೊರೆಯುವುದು. ಅದನ್ನು ನಡಸಬಹುದು, ಪರಿಶೀಲಿಸಲಾಗದು. ಮುಕ್ತ ವ್ಯವಸ್ಥೆಯಲ್ಲಿ ಮೂಲಪಾಠವೂ ಜೊತೆಯಲ್ಲಿ ಬರುವುದು.

ಪಾಠವು ದೊರೆತ ಮಾತ್ರಕ್ಕೆ ಸಾಲದು, ಅದನ್ನು ತಿದ್ದಲು ಅನುಮತಿಯೂ ಬೇಕಷ್ಟೆ. ಅಮೆರಿಕೆಯ ರಿಚರ್ಡ್ ಸ್ಟಾಲ್‌ಮನ್ ಎಂಬವರು ೧೯೮೩ರಲ್ಲಿ ಗ್ನೂ ಎಂಬ ಮುಕ್ತ ವ್ಯವಸ್ಥೆಯ ರಚನೆಯನ್ನು ಘೋಷಿಸಿ, ೧೯೮೫ರಲ್ಲಿ ಫ್ರೀ ಸಾಫ್ಟ್‌ವೇರ್ ಫೌಂಡೇಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅವರು ನಿರೂಪಿಸಿದ ಸ್ವಾತಂತ್ರ್ಯಗಳು ನಾಲ್ಕು. ತಂತ್ರಾಂಶವನ್ನು ಯಾವ ಉದ್ದೇಶಕ್ಕಾಗಲಿ ಬಳಸುವುದು, ಅದರ ಪಾಠವನ್ನು ಓದಿ ತನ್ನ ಅಗತ್ಯಕ್ಕೆ ತಕ್ಕಂತೆ ಮಾರ್ಪಡಿಸುವುದು, ಪ್ರತಿಗಳನ್ನು ಇತರರಿಗೆ ಹಂಚುವುದು, ಮಾರ್ಪಡಿಸಿದ ಪ್ರತಿಗಳನ್ನೂ ಹಂಚುವುದು. ೧೯೮೯ರಲ್ಲಿ ಮೊದಲು ಪ್ರಕಟವಾದ ಜಿ.ಪಿ.ಎಲ್. ಎಂಬ ಪರವಾನಿಗೆಯು ಇದಕ್ಕೆ ಒಂದು ಕಟ್ಟುಪಾಡನ್ನೂ ಸೇರಿಸಿತು: ತಿದ್ದಿದ ಪ್ರತಿಯನ್ನು ಹಂಚುವವನು ತನ್ನ ತಿದ್ದುಪಡಿಯ ಮೂಲಪಾಠವನ್ನೂ ಅದೇ ನಿಬಂಧನೆಯ ಮೇಲೆ ಕೊಡತಕ್ಕದ್ದು. ಪಡೆದವನು ಬಾಗಿಲನ್ನು ಮುಚ್ಚುವಂತಿಲ್ಲ. ಓಲೆಗರಿಯ ಪ್ರತಿಗಳನ್ನು ಪ್ರತಿಮಾಡಿಸಿ ದಾನಕೊಡುತ್ತಿದ್ದ ಶಾಸ್ತ್ರದಾನದ ಪದ್ಧತಿಯು ಕನ್ನಡನಾಡಿಗೆ ಹೊಸದಲ್ಲ. ಆದರೆ ಆ ದಾನವನ್ನು ಪಡೆದವನೂ ಮುಂದೆ ಕೊಡಲೇಬೇಕೆಂಬ ಕಟ್ಟಳೆ ಅಲ್ಲಿರಲಿಲ್ಲ. ಈ ಪರವಾನಿಗೆಯ ಹೊಸತನವು ಅಲ್ಲಿದೆ.

ಗ್ನೂ ವ್ಯವಸ್ಥೆಗೆ ಕೊರತೆಯಾಗಿದ್ದ ಕರ್ನೆಲ್ಲನ್ನು ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದ ಲೀನಸ್ ಟೊರ್ವಾಲ್ಡ್ಸ್ ಅವರು ೧೯೯೧ರಲ್ಲಿ ಬರೆದು ಪ್ರಕಟಿಸಿ, ಮರುವರ್ಷ ಜಿ.ಪಿ.ಎಲ್.ಗೆ ಒಳಪಡಿಸಿದರು. ಇಂದು ಅದರ ಪಾಠವು ಮೂರು ಕೋಟಿ ಸಾಲುಗಳನ್ನು ಮೀರಿದೆ. ಯೂನಿಕೋಡ್ ಪಟ್ಟಿಯ ಮೊದಲನೆಯ ಆವೃತ್ತಿಯು ಕನ್ನಡವನ್ನೂ ಒಳಗೊಂಡು ಹೊರಬಂದುದೂ ೧೯೯೧ರಲ್ಲಿಯೇ. ಗುಡೇಕೋಟೆಯ ನೆರೆಯ ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವು ಸ್ಥಾಪಿತವಾದುದೂ ಅದೇ ವರ್ಷ. ಈ ಮೂರಕ್ಕೂ ಕಾರ್ಯಕಾರಣ ಸಂಬಂಧವೇನೂ ಇಲ್ಲ. ಆದರೂ ಕಾಲಗಣನೆಯನ್ನು ನೆನಪಿಡಲು ಅನುಕೂಲ. ೧೯೯೩ರಲ್ಲಿ ಡೆಬಿಯನ್ ಆರಂಭವಾಯಿತು. ೨೦೦೪ರಲ್ಲಿ ಅದನ್ನು ಆಧರಿಸಿದ ಉಬುಂಟು ಬಂದಿತು. ಕರ್ನೆಲ್ಲನ್ನೂ ಸಾವಿರಾರು ತಂತ್ರಾಂಶಗಳನ್ನೂ ಒಟ್ಟುಗೂಡಿಸಿ, ಪರೀಕ್ಷಿಸಿ, ಒಂದು ಕಟ್ಟಾಗಿ ಕೊಡುವ ಇಂಥ ಸಂಕಲನಗಳಿಗೆ ವಿತರಣೆಗಳೆಂದು ಹೆಸರು. ಒಂದೇ ಕಾವ್ಯಕ್ಕೆ ಬೇರೆ ಬೇರೆ ಸಂಪಾದಕರ ಆವೃತ್ತಿಗಳಿರುವಂತೆ ಇವೂ ಹಲವು. ಒಳಗಿನ ಪಾಠ ಬಹುಮಟ್ಟಿಗೆ ಒಂದೇ, ಸಂಪಾದನೆಯ ರೀತಿ ಬೇರೆ.

ಮುಕ್ತವೆಂದರೆ ಬೆಲೆಯಿಲ್ಲದ್ದು ಎಂದು ತಿಳಿಯುವುದು ಸಾಮಾನ್ಯವಾದ ತಪ್ಪು. ಬಹಳಷ್ಟು ಮುಕ್ತ ವ್ಯವಸ್ಥೆಗಳು ಬಿಟ್ಟಿಯಾಗಿಯೇ ದೊರೆಯುವುದು ನಿಜ. ಆದರೆ ಬಿಟ್ಟಿಯಾಗಿ ದೊರೆತುದೆಲ್ಲ ಮುಕ್ತವಲ್ಲ. ಕನ್ನಡದಲ್ಲಿ ಇದರ ಅನುಭವ ಸಾಕಷ್ಟಾಗಿದೆ. ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡದ ಅಕ್ಷರಗಳ ತುಂಡುಗಳನ್ನು ರೋಮನ್ ಅಕ್ಷರಗಳ ಮನೆಗಳಲ್ಲಿ ಕೂಡಿಸಿ ಕೆಲಸ ನಡಸುತ್ತಿದ್ದರು. ಒಂದು ತಯಾರಕರ ಅಕ್ಷರವಿನ್ಯಾಸದಲ್ಲಿ ಒಂದು ಮನೆಯಲ್ಲಿ ತಲೆಕಟ್ಟಿದ್ದರೆ ಇನ್ನೊಬ್ಬರದರಲ್ಲಿ ಅದೇ ಮನೆಯಲ್ಲಿ ಒತ್ತಕ್ಷರವಿರುತ್ತಿತ್ತು. ಆ ಕಾಲದ ಕಡತವನ್ನು ಅದೇ ವಿನ್ಯಾಸವಿಲ್ಲದ ಯಂತ್ರದಲ್ಲಿ ತೆರೆದರೆ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲಸಿದ ಒಂದು ಗೊಂದಲ ಕಾಣುವುದು. ಎಷ್ಟೋ ಪ್ರೌಢಪ್ರಬಂಧಗಳೂ ಸಂಚಿಕೆಗಳೂ ಜಾನಪದ ಸಂಗ್ರಹಗಳೂ ಈ ಸ್ಥಿತಿಯಲ್ಲಿ ಉಳಿದಿವೆ. ಓಲೆಗರಿಗೆ ಗೆದ್ದಲು ಹಿಡಿಯಲು ನೂರಾರು ವರ್ಷ ಬೇಕಾಗುತ್ತಿತ್ತು. ಇವುಗಳಿಗೆ ಹತ್ತು ಹದಿನೈದು ವರ್ಷಗಳೇ ಸಾಕಾದುವು. ತಯಾರಕರ ಮೇಲೆ ದೋಷವನ್ನು ಹೊರಿಸುವುದು ನ್ಯಾಯವಲ್ಲ. ಅವರು ಕನ್ನಡಕ್ಕೆ ಬೇರೆ ದಾರಿಯೇ ಇಲ್ಲದಿದ್ದ ಕಾಲದಲ್ಲಿ ದಾರಿ ಮಾಡಿಕೊಟ್ಟರು. ಆದರೆ ಬರೆಹದ ಸಂಕೇತವು ಬಹಿರಂಗವಾಗಿರದಿದ್ದರೆ ಬರೆಹವು ಬರೆದವನ ಸ್ವತ್ತಾಗಿ ಉಳಿಯುವುದಿಲ್ಲವೆಂಬುದು ಅಲ್ಲಿಂದ ವ್ಯಕ್ತವಾಯಿತು.

ಸಂಕೇತಪಟ್ಟಿಯು ಬಹಿರಂಗವಾದ ಮಾತ್ರಕ್ಕೆ ಅದು ನಿರ್ದುಷ್ಟವಾಗಿರುವುದೆಂದು ತಿಳಿಯಬಾರದು. ಹಳಗನ್ನಡದ ೞಕಾರದ ಕಥೆಯನ್ನು ಇಲ್ಲಿ ಹೇಳಬೇಕು. ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ವಿಸ್ತಾರವಾಗಿ ವಿವೇಚಿಸಿದ ಈ ಅಕ್ಷರಕ್ಕೆ ಯೂನಿಕೋಡಿನಲ್ಲಿ ೩೨೯೪ನೆಯ ಮನೆಯನ್ನು ಕೊಟ್ಟಿದೆ; ಆದರೆ ಪಟ್ಟಿಯಲ್ಲಿ ಅದರ ಹೆಸರು ಎಫ್ ಧ್ವನಿಯ ಫಕಾರವೆಂದು ಬಿದ್ದಿದೆ! ಪಟ್ಟಿಯನ್ನು ಮಾಡುವಾಗ ಹಳಗನ್ನಡ ಬಲ್ಲವರೊಬ್ಬರು ಒಮ್ಮೆ ಕಣ್ಣಾಡಿಸಿದ್ದರೆ ಈ ತಪ್ಪು ಉಳಿಯುತ್ತಿರಲಿಲ್ಲ. ಒಮ್ಮೆ ಕೊಟ್ಟ ಹೆಸರನ್ನು ಬದಲಿಸಕೂಡದೆಂಬುದು ಆ ಪಟ್ಟಿಯ ನಿಯಮವಾದುದರಿಂದ, ಈಗ ಅದರ ಪಕ್ಕದಲ್ಲಿ ತಿದ್ದುಪಡಿಯ ಹೆಸರನ್ನು ಸೇರಿಸಿ ಸಮಾಧಾನಪಟ್ಟುಕೊಂಡಿದ್ದಾರೆ. ನಕಾರಪೊಲ್ಲಿಗೆ ಪ್ರತ್ಯೇಕವಾದ ಮನೆ ಸಿಕ್ಕಿದುದು ತೀರ ಈಚೆಗೆ, ೨೦೨೧ರಲ್ಲಿ.

ಗುಡೇಕೋಟೆಯ ಸೀಮೆಗೆ ಈ ಮಾತು ನೇರವಾಗಿ ಸಂಬಂಧಿಸಿದೆ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಸೀಮೆಗಳು ಶಾಸನಗಳ ಆಗರ. ಹರಪನಹಳ್ಳಿಯ ಬಳಿಯ ಬಾಗಳಿಯ ಕಲ್ಲೇಶ್ವರ ದೇವಾಲಯವೊಂದರಲ್ಲೇ ಎಷ್ಟೋ ಶಾಸನಗಳು ದೊರೆತಿವೆ. ೧೯೫೩ರ ವರೆಗೆ ಈ ಪ್ರದೇಶವು ಮದರಾಸಿನ ಆಡಳಿತಕ್ಕೆ ಸೇರಿದ್ದುದರಿಂದ ಇಲ್ಲಿನ ಶಾಸನಗಳು 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಮಾಲೆಯ ಒಂಬತ್ತನೆಯ ಸಂಪುಟದಲ್ಲಿ ಅಚ್ಚಾಗಿವೆ. ಅವುಗಳಲ್ಲಿ ಱಕಾರ ೞಕಾರಗಳು ಹೆಜ್ಜೆಹೆಜ್ಜೆಗೂ ಬರುವುವು. ಈ ಪಾಠಗಳನ್ನು ಗಣಕಕ್ಕೆ ಏರಿಸಹೊರಟವನಿಗೆ ಮೊದಲು ಎದುರಾಗುವ ಪ್ರಶ್ನೆಗಳು ಇವು: ಕೀಲಿಮಣೆಯಲ್ಲಿ ೞ ಎಲ್ಲಿದೆ? ಅಕ್ಷರವಿನ್ಯಾಸದಲ್ಲಿ ಅದಕ್ಕೆ ರೂಪವಿದೆಯೆ? ಇಲ್ಲದಿದ್ದರೆ ಸೇರಿಸುವವರು ಯಾರು? ಮುಚ್ಚಿದ ವಿನ್ಯಾಸದಲ್ಲಿ ಇದಕ್ಕೆ ಉತ್ತರವು ಕಂಪೆನಿಯ ದಯೆಯನ್ನು ಅವಲಂಬಿಸಿರುವುದು. ರೆಡ್ ಹ್ಯಾಟ್ ಸಂಸ್ಥೆಯವರು ಮುಕ್ತಗೊಳಿಸಿದ ಲೋಹಿತ್ ಕನ್ನಡ, ಕನ್ನಡಿಗರೇ ರಚಿಸಿದ ನವಿಲು, ಗುಬ್ಬಿ ಮೊದಲಾದ ಮುಕ್ತ ವಿನ್ಯಾಸಗಳಲ್ಲಾದರೋ ಕೊರತೆಯಿರುವ ಅಕ್ಷರವನ್ನು ಬಲ್ಲವರು ತಾವೇ ಬರೆದು ಸೇರಿಸಬಹುದು. ಕೇಳಿಕೊಳ್ಳುವ ಅಗತ್ಯವೂ ಇಲ್ಲ.

ಅಕ್ಷರವು ತೆರೆಗೆ ಬರುವ ಮಾರ್ಗವನ್ನೂ ಸಂಗ್ರಹವಾಗಿ ನೋಡಬೇಕು. ಕೀಲಿಯನ್ನು ಒತ್ತಿದೊಡನೆ ಒಂದು ತಂತ್ರಾಂಶವು ಅದನ್ನು ಪಟ್ಟಿಯ ಅಂಕಿಯಾಗಿ ಮಾಡುವುದು. ಆ ಬಳಿಕ ಅಕ್ಷರಸಂಯೋಜಕವು ಅಂಕಿಗಳ ಸಾಲನ್ನು ಓದಿ, ಎಲ್ಲಿ ಒತ್ತು, ಎಲ್ಲಿ ಗುಣಿತ ಎಂಬುದನ್ನು ನಿರ್ಣಯಿಸಿ, ವಿನ್ಯಾಸದಿಂದ ತಕ್ಕ ರೂಪಗಳನ್ನು ಆಯ್ದು ಜೋಡಿಸುವುದು. ಅಚ್ಚುಕೂಟದಲ್ಲಿ ಮೊಳೆ ಜೋಡಿಸುವವನ ಕೆಲಸವೇ ಇದು. ಹಾರ್ಫ್‌ಬಜ್ ಎಂಬ ಮುಕ್ತ ಸಂಯೋಜಕವು ಲಿನಕ್ಸ್ ವ್ಯವಸ್ಥೆಗಳಲ್ಲಿಯೂ ಆಂಡ್ರಾಯ್ಡಿನಲ್ಲಿಯೂ ಫೈರ್‌ಫಾಕ್ಸ್, ಕ್ರೋಮ್ ಎಂಬ ಜಾಲವೀಕ್ಷಕಗಳಲ್ಲಿಯೂ ಈ ಕೆಲಸವನ್ನು ಮಾಡುತ್ತಿದೆ. ಅರ್ಕಾವೊತ್ತನ್ನು ಉದಾಹರಿಸಬಹುದು. ರಕಾರ, ವಿರಾಮ, ಯಕಾರ ಈ ಮೂರು ಅಂಕಿಗಳು ಬಂದರೆ 'ಸೂರ್ಯ' ಎಂಬಲ್ಲಿಯಂತೆ ಅರ್ಕಾವೊತ್ತೇ ಬರುವುದು. 'ರ‍್ಯಾಂಕು' ಎಂಬಲ್ಲಿಯಂತೆ ರಕಾರವೇ ನಿಂತು ಯಕಾರವು ಒತ್ತಾಗಬೇಕಾದರೆ ರಕಾರದ ಬಳಿಕ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆಯನ್ನು ಇಡಬೇಕು. ಈ ನಿಯಮವನ್ನು ಸಂಯೋಜಕವು ತಪ್ಪಾಗಿ ಪಾಲಿಸಿದರೆ ಪುಟವೆಲ್ಲ ಕೆಡುವುದು. ಅದರ ಪಾಠವು ತೆರೆದಿರುವುದರಿಂದ ಎಲ್ಲಿ ತಪ್ಪಿತೆಂಬುದನ್ನು ಸಾಲುಸಾಲಾಗಿ ತೋರಿಸಬಹುದು.

ಇನ್ನು ವ್ಯವಸ್ಥೆಯ ಮಾತುಗಳನ್ನು ಕನ್ನಡಿಸುವ ಕೆಲಸ. ಗ್ನೋಮ್, ಕೆ.ಡಿ.ಇ. ಎಂಬ ಗಣಕತೆರೆಗಳನ್ನೂ ಲಿಬ್ರೆ ಆಫೀಸ್ ಎಂಬ ಬರೆವಣಿಗೆಯ ತಂತ್ರಾಂಶವನ್ನೂ ಕನ್ನಡಿಗರು ಕನ್ನಡಕ್ಕೆ ತಂದಿದ್ದಾರೆ. ಫೈಲ್ ಎಂಬುದಕ್ಕೆ ಅವರು ಆರಿಸಿದ ಶಬ್ದ 'ಕಡತ'. ಹುಣಿಸೆಬೀಜದ ಅಂಟಿನಲ್ಲಿ ಇದ್ದಿಲಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಮಡಿಸಿ, ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದ ಪಾಳೆಯಗಾರರ ಕಾಲದ ಆ ಕರಿಯ ಪುಸ್ತಕದ ಹೆಸರು ಹೀಗೆ ಗಣಕದೊಳಕ್ಕೆ ಬಂದಿತು. ಅಳಿಸಿ ಮತ್ತೆ ಬರೆಯಬಹುದಾದ ವಸ್ತುವಾದುದರಿಂದ ಶಬ್ದವು ಅರ್ಥಕ್ಕೂ ಒಪ್ಪಿದೆ. ಎಲ್ಲ ಅನುವಾದಗಳೂ ಇಷ್ಟು ಚೆನ್ನಾಗಿವೆಯೆಂದು ಹೇಳಲಾಗದು. 'ಅನುಸ್ಥಾಪನೆ' ಎಂಬಲ್ಲಿ 'ಅನು' ಎಂಬ ಉಪಸರ್ಗದ ಪ್ರಯೋಜನವೇನೋ ತಿಳಿಯದು. 'ಸ್ಥಾಪನೆ' ಎಂದಿದ್ದರೆ ಸಾಕಾಗಿತ್ತು. ಹೊಸ ಆವೃತ್ತಿ ಬಂದಂತೆಲ್ಲ ಹೊಸ ವಾಕ್ಯಗಳು ಸೇರುವುವು. ಅನುವಾದಕರು ಮೂರು ನಾಲ್ಕು ಮಂದಿಯೇ ಆದರೆ ಅವು ಇಂಗ್ಲಿಷಿನಲ್ಲಿಯೇ ಉಳಿಯುವುವು. ಕೊರತೆಯಿರುವುದು ಯಂತ್ರಜ್ಞರದಲ್ಲ, ಕನ್ನಡದ ಪಂಡಿತರದೆಂದು ಈ ವಿಷಯದಲ್ಲಿ ಧಾರಾಳವಾಗಿ ಹೇಳಬಹುದು.

ಶಾಲೆಗಳಲ್ಲಿ ಈ ವ್ಯವಸ್ಥೆಗಳನ್ನು ನಡಸಲು ಸಾಧ್ಯವೆ ಎಂಬ ಸಂದೇಹಕ್ಕೆ ಕಾಸರಗೋಡು ಉತ್ತರ ಕೊಡುವುದು. ಕೇರಳ ಸರಕಾರವು ಈ ಶತಮಾನದ ಆರಂಭದಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯನ್ನು ತೊಡಗಿ, ಕೆಲವೇ ವರ್ಷಗಳಲ್ಲಿ ತನ್ನ ಶಾಲೆಗಳ ಗಣಕಶಿಕ್ಷಣವನ್ನು ಮುಕ್ತ ವ್ಯವಸ್ಥೆಗೆ ಬದಲಾಯಿಸಿತು. ೨೦೧೭ರಲ್ಲಿ ಆ ಯೋಜನೆಯು ಕೈಟ್ ಎಂಬ ಸಂಸ್ಥೆಯಾಯಿತು. ಉಬುಂಟುವನ್ನು ಆಧರಿಸಿ ಅದು ಶಾಲೆಗಳಿಗಾಗಿಯೇ ಒಂದು ವಿತರಣೆಯನ್ನು ಸಿದ್ಧಪಡಿಸಿ ಕೊಡುತ್ತಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಗಣಕವಿದ್ಯೆಯ ಪಾಠಪುಸ್ತಕವನ್ನು ಕನ್ನಡದಲ್ಲಿ ಓದಿ ಅದೇ ವ್ಯವಸ್ಥೆಯಲ್ಲಿ ಅಭ್ಯಾಸಮಾಡುವರು. ಕರ್ನಾಟಕದಲ್ಲಿಯೂ ಪ್ರಯತ್ನ ನಡೆದಿದೆ. ೨೦೧೧ರ ಸುಮಾರಿಗೆ ಆರಂಭವಾದ 'ವಿಷಯ ಶಿಕ್ಷಕರ ವೇದಿಕೆ'ಯ ತರಬೇತಿಗಳಲ್ಲಿ ಸರಕಾರಿ ಪ್ರೌಢಶಾಲೆಗಳ ಅಧ್ಯಾಪಕರು ಉಬುಂಟುವನ್ನು ಬಳಸಿ, ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳೆಂಬ ಕನ್ನಡದ ಪಾಠಸಾಮಗ್ರಿಯನ್ನು ತಾವೇ ಬೆಳೆಸಿದರು. ಕೇಂದ್ರ ಸರಕಾರದ ಸಿ-ಡ್ಯಾಕ್ ಸಂಸ್ಥೆಯು ೨೦೦೭ರಲ್ಲಿ ಡೆಬಿಯನ್ ಆಧಾರದಿಂದ ಬಾಸ್ ಎಂಬ ವಿತರಣೆಯನ್ನು ಹೊರತಂದಿತು. ಆದರೆ ಕರ್ನಾಟಕದಲ್ಲಿ ಕೇರಳದಂತೆ ಪಾಠಪಟ್ಟಿ, ಪಾಠಪುಸ್ತಕ, ಪರೀಕ್ಷೆ, ತರಬೇತಿ, ಯಂತ್ರಗಳ ದುರಸ್ತಿ ಇವೆಲ್ಲ ಒಂದೇ ಸೂತ್ರದಲ್ಲಿ ಬರಲಿಲ್ಲ. ಫಲದಲ್ಲಿ ಕಾಣುವ ಅಂತರಕ್ಕೆ ಇದು ಮುಖ್ಯಕಾರಣವೆಂದು ತೋರುವುದು.

ಈಗ ಈ ವಿಷಯಕ್ಕೆ ಇನ್ನೊಂದು ತ್ವರೆಯೂ ಒದಗಿದೆ. ೨೦೨೫ರ ಅಕ್ಟೋಬರ್ ೧೪ರಂದು ವಿಂಡೋಸ್ ೧೦ಕ್ಕೆ ಅದರ ಕಂಪೆನಿಯ ಸಾಮಾನ್ಯ ಬೆಂಬಲವು ಕೊನೆಗೊಂಡಿತು. ಅದರ ಮುಂದಿನ ಆವೃತ್ತಿಯನ್ನು ಹೊರಲಾರದ, ಆದರೆ ಬೇರೆ ಯಾವ ದೋಷವೂ ಇಲ್ಲದ ಯಂತ್ರಗಳು ಹಳ್ಳಿಯ ಶಾಲೆಗಳಲ್ಲಿ ಇರುವುವು. ಅವನ್ನು ಮೂಲೆಗೆ ಹಾಕುವುದಕ್ಕಿಂತ ಮುಕ್ತ ವ್ಯವಸ್ಥೆಯನ್ನು ಸ್ಥಾಪಿಸಿಕೊಳ್ಳುವುದು ಮೇಲು.

ಸ್ಥಾಪನೆಯ ಕ್ರಮವು ಕಷ್ಟವಾದುದಲ್ಲ. ಅವಸರ ಮಾತ್ರ ಕೂಡದು. ಯಂತ್ರದಲ್ಲಿರುವ ಕಡತಗಳನ್ನೆಲ್ಲ ಬೇರೆ ಉಗ್ರಾಣದಲ್ಲಿ ಪ್ರತಿಮಾಡಿ ಇಟ್ಟುಕೊಳ್ಳದೆ ಯಾವ ಕೆಲಸಕ್ಕೂ ಕೈಹಾಕಬಾರದು. ಒಂದಕ್ಕಿಂತ ಎರಡು ಪ್ರತಿಗಳು ಲೇಸು, ಆ ಎರಡನ್ನೂ ತೆರೆದು ನೋಡಿರುವುದು ಇನ್ನೂ ಲೇಸು. ತರುವಾಯ ಯಂತ್ರದ ಜಾತಿಯನ್ನು ತಿಳಿಯಬೇಕು. ಈಚಿನ ಸುಮಾರು ಹದಿನೈದು ವರ್ಷಗಳ ಯಂತ್ರಗಳು ಬಹುಮಟ್ಟಿಗೆ ೬೪ ಬಿಟ್ಟಿನವು. ೨೦೨೫ರಲ್ಲಿ ಹೊರಬಂದ ಡೆಬಿಯನ್ ೧೩ನೆಯ ಆವೃತ್ತಿಯಲ್ಲಿ ಹಳೆಯ ೩೨ ಬಿಟ್ಟಿನ ಸಾಮಾನ್ಯ ಯಂತ್ರಗಳಿಗೆ ಸ್ಥಾಪಕವನ್ನು ಕೊಟ್ಟಿಲ್ಲವಾದುದರಿಂದ ಅಂಥ ಯಂತ್ರಗಳಿಗೆ ಹನ್ನೆರಡನೆಯದನ್ನೇ ಆಶ್ರಯಿಸಬೇಕು.

ವಿತರಣೆಯನ್ನು ಅದರ ಅಧಿಕೃತ ಜಾಲತಾಣದಿಂದ ಒಂದೇ ದೊಡ್ಡ ಕಡತವಾಗಿ ಇಳಿಸಿಕೊಳ್ಳಬೇಕು. ಇಳಿದ ಪ್ರತಿಯು ಯಥಾವತ್ತಾಗಿದೆಯೆ ಎಂಬುದನ್ನು ಪರೀಕ್ಷಿಸುವುದಕ್ಕೆ ಒಂದು ಸುಂದರವಾದ ಉಪಾಯವಿದೆ. ಹಿಂದಿನ ಲಿಪಿಕಾರರು ಮೂವತ್ತೆರಡು ಅಕ್ಷರಗಳಿಗೆ ಒಂದು ಗ್ರಂಥವೆಂದು ಎಣಿಸಿ ಹಸ್ತಪ್ರತಿಯ ಪ್ರಮಾಣವನ್ನು ಗುರುತಿಸುತ್ತಿದ್ದರಷ್ಟೆ. ಪಾಠವು ಕಡಿಮೆಯಾಗಿದ್ದರೆ ಗ್ರಂಥಸಂಖ್ಯೆಯಿಂದ ತಿಳಿಯುತ್ತಿತ್ತು. ಹಾಗೆಯೇ ಇಲ್ಲಿ ಇಡೀ ಕಡತದಿಂದ ಗಣಿತರೀತ್ಯಾ ೬೪ ಚಿಹ್ನೆಗಳ ಒಂದು ಮೊತ್ತವನ್ನು ತೆಗೆಯುವರು. ವಿತರಕರು ಪ್ರಕಟಿಸಿದ ಮೊತ್ತವೂ ತನ್ನ ಯಂತ್ರವು ತೆಗೆದ ಮೊತ್ತವೂ ಒಂದೇ ಆದರೆ ಪ್ರತಿ ಶುದ್ಧ. ಗ್ರಂಥಸಂಖ್ಯೆಯು ಲೋಪವನ್ನು ಮಾತ್ರ ತೋರಿಸುತ್ತಿತ್ತು. ಇದು ಒಂದು ಅಂಕಿ ಪಲ್ಲಟವಾಗಿದ್ದರೂ ತೋರಿಸುವುದು. ಬಹು ಮಂದಿ ಈ ಪರೀಕ್ಷೆಯನ್ನು ಮಾಡದೆ ಬಿಡುವರು. ಗ್ರಂಥಸಂಪಾದನೆಯ ಅಭ್ಯಾಸವುಳ್ಳವರು ಹಾ‌ಗೆ ಬಿಡಲಾರರೆಂದು ನಂಬಬಹುದು.

ಬಳಿಕ ಆ ಕಡತವನ್ನು ಪೆನ್‌ಡ್ರೈವಿಗೆ ಬರೆಯಬೇಕು. ಸಾಮಾನ್ಯ ಕಡತದಂತೆ ನಕಲುಮಾಡಿದರೆ ಸಾಲದು; ಇದಕ್ಕೆಂದೇ ಇರುವ ತಂತ್ರಾಂಶದಿಂದ ಬರೆಯಬೇಕು, ಮತ್ತು ಅದರಲ್ಲಿ ಮೊದಲಿದ್ದುದೆಲ್ಲ ಅಳಿದುಹೋಗುವುದು. ಯಂತ್ರವನ್ನು ಹೊತ್ತಿಸಿದೊಡನೆ ತಯಾರಕರು ಗೊತ್ತುಮಾಡಿದ ಕೀಲಿಯನ್ನು (ಎಫ್ ೨, ಎಫ್ ೧೨, ಡಿಲೀಟ್ ಮೊದಲಾದುವುಗಳಲ್ಲಿ ಒಂದನ್ನು) ಒತ್ತಿ, ಪೆನ್‌ಡ್ರೈವಿನಿಂದ ಆರಂಭವಾಗುವಂತೆ ಮಾಡಬೇಕು. ಉಬುಂಟು, ಮಿಂಟ್ ಮೊದಲಾದುವುಗಳಲ್ಲಿ ಏನನ್ನೂ ಸ್ಥಾಪಿಸದೆಯೇ ವ್ಯವಸ್ಥೆಯನ್ನು ನಡಸಿ ನೋಡುವ ಅನುಕೂಲವಿದೆ. ವೈ-ಫೈ ಹಿಡಿಯುವುದೆ, ಮುದ್ರಕವು ಕೆಲಸಮಾಡುವುದೆ, ಕನ್ನಡವು ಸರಿಯಾಗಿ ಕಾಣುವುದೆ ಎಂಬುದನ್ನು ಆಗಲೇ ನೋಡಿಕೊಳ್ಳಬೇಕು.

ಸ್ಥಾಪನೆಯಲ್ಲಿ ಅಪಾಯದ ಸ್ಥಳ ಒಂದೇ, ಡಿಸ್ಕನ್ನು ಭಾಗಮಾಡುವುದು. ಇಡೀ ಡಿಸ್ಕನ್ನು ಬಳಸೆಂದರೆ ಅದರಲ್ಲಿರುವುದೆಲ್ಲ ನಾಶವಾಗುವುದು. ಹಳೆಯ ವ್ಯವಸ್ಥೆಯೂ ಇರಲಿ ಎನ್ನುವವರು ಪಕ್ಕದಲ್ಲಿ ಸ್ಥಾಪಿಸು ಎಂಬುದನ್ನು ಆರಿಸಬೇಕು. ಆಗ ಯಂತ್ರವು ಆರಂಭವಾಗುವಾಗ ಗ್ರಬ್ ಎಂಬ ದ್ವಾರಪಾಲಕನು ಯಾವುದು ಬೇಕೆಂದು ಕೇಳುವನು. ಕಡತಗಳ ಗೃಹಭಾಗವನ್ನು ವ್ಯವಸ್ಥೆಯಿಂದ ಬೇರ್ಪಡಿಸಿ ಇಡುವುದು ಜಾಣತನ. ಮುಂದೆ ವ್ಯವಸ್ಥೆಯನ್ನು ಬದಲಾಯಿಸಿದರೂ ಬರೆಹಗಳು ಉಳಿಯುವುವು. ಭಾಷೆಯನ್ನು ಆರಿಸುವಲ್ಲಿಯೂ ಒಂದು ಎಚ್ಚರಿಕೆ ಬೇಕು. ಡೆಬಿಯನ್ನಿನ ಸ್ಥಾಪಕವು ಚಿತ್ರರೂಪದಲ್ಲಿ ನಡೆಯುವಾಗ ಕನ್ನಡದಲ್ಲಿಯೇ ಮಾತನಾಡಬಲ್ಲದು; ಬರಿಯ ಅಕ್ಷರರೂಪದ ಸ್ಥಾಪಕಕ್ಕೆ ಕನ್ನಡದ ಒತ್ತುಗಳನ್ನು ಜೋಡಿಸುವ ಶಕ್ತಿಯಿಲ್ಲ. ಕನ್ನಡವನ್ನು ಆರಿಸಿದವರು ಗುಪ್ತಪದವನ್ನು ಬರೆಯುವಾಗ ಕೀಲಿಮಣೆಯು ಯಾವ ಲಿಪಿಯಲ್ಲಿದೆಯೆಂಬುದನ್ನು ನೋಡಿಕೊಳ್ಳದಿದ್ದರೆ, ಮರುದಿನ ತಮ್ಮ ಮನೆಯ ಬಾಗಿಲನ್ನು ತಾವೇ ತೆರೆಯಲಾರದೆ ನಿಲ್ಲುವರು.

ಸ್ಥಾಪನೆಯಾದ ಬಳಿಕ ಕನ್ನಡದ ಅಕ್ಷರವಿನ್ಯಾಸಗಳ ಕಟ್ಟನ್ನೂ ಐಬಸ್ ಎಂಬ ಲೇಖನಸಾಧನವನ್ನೂ ಸೇರಿಸಿಕೊಳ್ಳಬೇಕು. ಭಾರತ ಸರಕಾರದ ಇನ್‌ಸ್ಕ್ರಿಪ್ಟ್ ವಿನ್ಯಾಸವೂ, ಕೆ. ಪಿ. ರಾವ್ ಅವರು ರೂಪಿಸಿ ಕರ್ನಾಟಕದಲ್ಲಿ ರೂಢಿಯಾದ ಕಗಪ ವಿನ್ಯಾಸವೂ ಎರಡೂ ಅಲ್ಲಿ ದೊರೆಯುವುವು. ತಂತ್ರಾಂಶಗಳನ್ನು ಅಲ್ಲಿ ಇಲ್ಲಿ ಹುಡುಕಬೇಕಾಗಿಲ್ಲ. ವಿತರಣೆಯ ಭಂಡಾರದಿಂದಲೇ ಮುದ್ರೆಯೊತ್ತಿದ ಪ್ರತಿಗಳು ಬರುವುವು. ಹಳೆಯ ಸಂಕೇತದ ಕಡತಗಳನ್ನು ಪರಿವರ್ತಕದಿಂದ ಯೂನಿಕೋಡಿಗೆ ತರಬಹುದು; ಆದರೆ ಮೂಲದೊಡನೆ ಹೋಲಿಸಿ ಓದದೆ ಯಾವ ಪರಿವರ್ತಿತ ಪಾಠವನ್ನೂ ನಂಬಕೂಡದು. ಪುಟವಿನ್ಯಾಸದ ಕೆಲವು ತಂತ್ರಾಂಶಗಳೂ ಕಛೇರಿಗಳ ಕೆಲವು ನಮೂನೆಗಳೂ ಒಂದೇ ಕಂಪೆನಿಯ ವ್ಯವಸ್ಥೆಯನ್ನು ಎದುರುನೋಡುವುವಾದುದರಿಂದ ಅಚ್ಚಿನ ಕೆಲಸದವರಿಗೆ ಸ್ವಲ್ಪ ಕಾಲ ಎರಡೂ ಬೇಕಾಗಬಹುದು. ಹಳ್ಳಿಯಲ್ಲಿ ದುರಸ್ತಿಯವನು ಈ ವ್ಯವಸ್ಥೆಯನ್ನು ಅರಿಯದಿರುವ ತೊಂದರೆಯೂ ಇದ್ದೇ ಇದೆ.

ಎಲ್ಲವೂ ಸಿದ್ಧವಾದ ಮೇಲೆ ಹೊಸ ವ್ಯವಸ್ಥೆಯನ್ನು ಪರೀಕ್ಷಿಸಲು ಗುಡೇಕೋಟೆಯೆಂಬ ಹೆಸರೇ ಸಾಕು. ಕೀಲಿಮಣೆಯಿಂದ ಅದನ್ನು ಒಂದು ಕಡತದಲ್ಲಿ ಬರೆಯಬೇಕು; ಪರಿವರ್ತಕದಿಂದ ಬಂದ ಹಳೆಯ ಕಡತವೊಂದರಿಂದ ಅದೇ ಹೆಸರನ್ನು ತೆಗೆದು ಕೆಳಗಿಡಬೇಕು. ಸಾಮಾನ್ಯವಾದ ಯು.ಟಿ.ಎಫ್. ೮ ರೀತಿಯಲ್ಲಿ ಕನ್ನಡದ ಒಂದೊಂದು ಅಂಕಿಗೂ ಮೂರು ಬೈಟುಗಳಾಗುವುದರಿಂದ, ಮೊದಲನೆಯದು ೨೪ ಬೈಟುಗಳಾಗಬೇಕು. ಎರಡನೆಯದು ೩೩ ಆದರೆ ಅದು ಒಡೆದ ಪಾಠ. ಒಂದನ್ನು ಕೊಟ್ಟು ಹುಡುಕಿದಾಗ ಎರಡೂ ಸಿಕ್ಕಿದರೆ ಆ ಸಾಧನವು ಕನ್ನಡವನ್ನು ಬಲ್ಲದು. ಸಿಕ್ಕದಿದ್ದರೆ ಅದನ್ನು ಆ ತಂತ್ರಾಂಶದ ಬಹಿರಂಗವಾದ ದೋಷಪಟ್ಟಿಯಲ್ಲಿ ದಾಖಲಿಸಬಹುದು. ಡೆಬಿಯನ್ನಿನಲ್ಲಿ ಪ್ರತಿಯೊಂದು ದೂರಿಗೂ ಒಂದು ಸಂಖ್ಯೆ ಬಿದ್ದು, ಮುಂದಿನ ಚರ್ಚೆಯೆಲ್ಲ ಯಾರು ಬೇಕಾದರೂ ಓದುವಂತೆ ಅದರ ಕೆಳಗೆ ಉಳಿಯುವುದು. ದೂರಿನಲ್ಲಿ ಬರೆಯಬೇಕಾದುದು ಹೆಚ್ಚೇನಿಲ್ಲ: ತಂತ್ರಾಂಶದ ಹೆಸರು, ಅದರ ಆವೃತ್ತಿ, ಹೆಸರಿನ ಎರಡು ಪಾಠಗಳು, ಅವುಗಳ ಅಂಕಿಗಳು, ಮತ್ತು ಅವೆರಡೂ ಒಂದೇ ಊರೆಂಬ ಮಾತು.